ಗುಂಡ್ಯಾನ ಆರು ತಿಂಗಳು: ಹಳೇ ಹುಬ್ಬಳ್ಳಿಯ ಒಂದು ನಾಯಿಯ ಪ್ರಕರಣ

ನಾಯಿಯ ಹೆಸರು ಗುಂಡ್ಯಾ. ಹೆಸರು ಕೇಳಿ ದುಂಡಗಿನ ನಾಯಿ ಅಂದ್ಕೋಬೇಡಿ. ಮುಧೋಳ ನಾಯಿ, ಪಕ್ಕೆಲುಬು ಎಣಿಸಬಹುದು, ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿದೆ. ಮರಿಯಾಗಿ ಮನೆಗೆ ಬಂದಾಗ ಗುಂಡಗೆ ಇದ್ದನಂತೆ, ಹೆಸರು ಹಾಗೇ ಉಳಿಯಿತು. ನಾನು ಮೊದಲ ಸಲ ನೋಡಿದಾಗ ಅವನಿಗೆ ಹದಿನಾಲ್ಕು ತಿಂಗಳು.

ಫೋನ್ ಮಾಡಿದವರು ಮನೆಯ ಯಜಮಾನರು. ಹಳೇ ಹುಬ್ಬಳ್ಳಿಯಲ್ಲಿ ಕಿರಾಣಿ ಅಂಗಡಿ ಇದೆ. ಗಣಪತಿ ಕಳಿಸಿ ನಾಲ್ಕು ದಿನ ಆಗಿತ್ತು. "ನಾಯಿ ನಮ್ಮ ಅಪ್ಪಾರ ಕೈ ಹಿಡದೈತ್ರಿ. ಎಲ್ಲೆರ ಬಿಟ್ಟ ಬರೂಣು ಅಂದ್ರ ಮಗಳು ಊಟಾ ಬಿಟ್ಟ ಕುಂತಾಳ. ನೀವೊಮ್ಮೆ ಬಂದ ನೋಡಿ ಹೇಳ್ರಿ." ನಾನು ಇರುವುದು ಧಾರವಾಡದಲ್ಲಿ, ನಾಯಿಗಳ ತರಬೇತಿ ನನ್ನ ಕೆಲಸ. ಗಣಪತಿ, ದೀಪಾವಳಿ ಮುಗಿದ ವಾರ ಇಂಥ ಫೋನು ಜಾಸ್ತಿ. ನಾನು ಮೊದಲು ಕೇಳಿದ್ದು ನಾಯಿಯನ್ನಲ್ಲ, ಅಜ್ಜನನ್ನು. ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದಿರಾ? ಇಂಜೆಕ್ಷನ್ ಶುರು ಆಯ್ತಾ? ತೊಳೆದಿರಲಿಲ್ಲ. ಅರಿಶಿನ ಮೆತ್ತಿ ಬಟ್ಟೆ ಕಟ್ಟಿದ್ದರು. ನಮ್ಮ ನಾಯಿಗೆ ರೇಬೀಸ್ ಲಸಿಕೆ ಆಗಿದೆಯಲ್ಲ, ಮತ್ಯಾಕೆ ಅನ್ನುವುದು ಅವರ ಲೆಕ್ಕ. ಆ ಲೆಕ್ಕ ಡಾಕ್ಟರ್ ಹಾಕಲಿ, ನಾವಲ್ಲ ಅಂತ ಹೇಳಿ ಆವತ್ತೇ ಆಸ್ಪತ್ರೆಗೆ ಕಳಿಸಿದೆ. ಆಮೇಲೆ ನಾಯಿಯ ಮಾತು.

ಮನೆಗೆ ಹೋದ ದಿನ ಕಂಡಿದ್ದು ಇಷ್ಟು. ರಸ್ತೆಗೆ ಹೊಂದಿಕೊಂಡ ಕಬ್ಬಿಣದ ಗೇಟು, ಗೇಟಿನ ಪಕ್ಕದ ಕಂಬಕ್ಕೆ ನಾಲ್ಕಡಿ ಚೈನು, ಚೈನಿಗೆ ಗುಂಡ್ಯಾ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಅವನ ಜಗತ್ತು ಅಷ್ಟೇ. ಬೈಕ್ ಬಂದರೆ ಹಾರುತ್ತಾನೆ, ಚೈನು ಕುತ್ತಿಗೆ ಜಗ್ಗುತ್ತದೆ, ಬೈಕ್ ಹೋಗುತ್ತದೆ. ಅವನ ತಲೆಯೊಳಗೆ ಇದು ಹೇಗೆ ಕೂತಿರುತ್ತದೆ ನೋಡಿ. ನಾನು ಬೊಗಳಿದೆ, ಅದು ಓಡಿಹೋಯಿತು. ದಿನಕ್ಕೆ ಎಂಬತ್ತು ನೂರು ಸಲ ಗೆಲ್ಲುವ ಆಟ ಇದು. ಯಾರು ಬಿಡ್ತಾರೆ?

ನನ್ನನ್ನು ಕಂಡಾಗಲೂ ಹಾರಿದ. ಆದರೆ ಬಾಲ ಹೊಟ್ಟೆಯ ಕೆಳಗೆ ಸೇರಿತ್ತು, ಕಿವಿ ಹಿಂದಕ್ಕೆ ಅಂಟಿತ್ತು, ಬೊಗಳುವ ನಡುನಡುವೆ ನಾಲಿಗೆಯಿಂದ ಮೂಗು ನೆಕ್ಕಿಕೊಳ್ಳುತ್ತಿದ್ದ. ಇದು ಸಿಟ್ಟಿನ ನಾಯಿ ಅಲ್ಲ, ಹೆದರಿದ ನಾಯಿ. ಮನೆಯವರಿಗೆ ಆ ಎರಡರ ನಡುವಿನ ವ್ಯತ್ಯಾಸ ತೋರಿಸುವುದರಲ್ಲೇ ನನ್ನ ಮೊದಲ ದಿನ ಕಳೆಯಿತು ಅಂದರೂ ತಪ್ಪಿಲ್ಲ, ಯಾಕೆಂದರೆ ಯಜಮಾನರ ಮನಸ್ಸಿನಲ್ಲಿ ಇದ್ದ ನಾಯಿಯೇ ಬೇರೆ. "ಆರ್ಮ್ಯಾಗ ತಗೊಂಡಾರಲ್ರಿ, ಅದ ಜಾತಿ ಇದು." ನಿಜ, 2016ರಲ್ಲಿ ಸೇನೆಯವರು ಮುಧೋಳ ನಾಯಿಗಳನ್ನು ತರಬೇತಿಗೆ ಮೀರತ್‌ಗೆ ಕರೆದೊಯ್ದರು. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ. ಆದರೆ ತಲೆತಲಾಂತರದಿಂದ ಇದನ್ನು ಸಾಕಿದ್ದು ಬಯಲಲ್ಲಿ ಮೊಲ ಕಂಡರೆ ಬೆನ್ನಟ್ಟಲಿಕ್ಕೆ. ಕಣ್ಣಿಂದ ನೋಡು, ಓಡು, ಹಿಡಿ. ಅಂಥದ್ದನ್ನು ಬೈಕು ಓಡುವ ರಸ್ತೆಗೆ ಮುಖ ಮಾಡಿ ನಾಲ್ಕಡಿ ಚೈನಿಗೆ ಕಟ್ಟಿದ್ದರು. ಇದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗಲ್ಲ.

ಇನ್ನೊಂದು ಹಳೆಯ ಕಥೆಯೂ ಇತ್ತು. ಎರಡು ತಿಂಗಳ ಮರಿಯಾಗಿ ಬಂದವನು ಎಲ್ಲ ಲಸಿಕೆ ಮುಗಿಯುವವರೆಗೂ, ಅಂದರೆ ಹೆಚ್ಚುಕಡಿಮೆ ಐದು ತಿಂಗಳಾಗುವವರೆಗೆ, ಮಾಳಿಗೆ ಮೇಲೇ ಇದ್ದ. ಮರಿಗಳು ಜಗತ್ತನ್ನು ಒಪ್ಪಿಕೊಳ್ಳುವ ವಯಸ್ಸು ಸುಮಾರು ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ. ಆಗ ಕಂಡಿದ್ದು, ಕೇಳಿದ್ದು, ತುಳಿದಿದ್ದು ಮಾಮೂಲಿ ಆಗುತ್ತದೆ. ಆಮೇಲೆ ಕಂಡಿದ್ದೆಲ್ಲ ಅನುಮಾನ. ರೋಗದ ಭಯಕ್ಕೆ ನೆಲಕ್ಕೆ ಬಿಡದಿದ್ದರೂ ಸರಿ, ಹೆಗಲ ಮೇಲೆ ಹೊತ್ತು ಪೇಟೆಯ ಗದ್ದಲದ ದುರ್ಗದಬೈಲಿನ ಒಂದು ಮೂಲೆಯಲ್ಲಿ ದಿನಾ ಹತ್ತು ನಿಮಿಷ ನಿಂತು ಬಂದಿದ್ದರೆ ನನಗೆ ಈ ಫೋನು ಬರುತ್ತಿರಲಿಲ್ಲವೇನೋ. ಆದರೆ ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಬೈದು ಏನು ಬಂತು.

ನನಗಿಂತ ಮುಂಚೆ ಒಬ್ಬರು ತರಬೇತಿಗೆ ಬಂದಿದ್ದರಂತೆ. ನಾಯಿ ಬಾಸ್ ಆಗಲು ನೋಡ್ತಿದೆ, ನೀವೇ ಬಾಸ್ ಅಂತ ತೋರಿಸಿ ಅಂತ ಹೇಳಿ ಜಗ್ಗಿದರೆ ಬಿಗಿಯುವ ಚೈನು ಹಾಕಿಸಿ ಹೋಗಿದ್ದರು. ಬೈಕ್ ಕಂಡಾಗೆಲ್ಲ ಜಗ್ಗಬೇಕು. ಹೀಗೆ ಎರಡು ತಿಂಗಳು. ಈ ಬಾಸ್ ಕಥೆ ಹುಟ್ಟಿದ್ದು ನಾಯಿಯಿಂದಲೇ ಅಲ್ಲ. 1947ರಲ್ಲಿ ಶೆಂಕೆಲ್ ಎಂಬ ವಿಜ್ಞಾನಿ ಬೋನಿನಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದು ಅದರ ಬೇರು. ಮುಂದೆ ಅದನ್ನು ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದರೆ ಅಪ್ಪ ಅವ್ವ ಮಕ್ಕಳ ಸಂಸಾರ, ಅಲ್ಲಿ ಪಟ್ಟಕ್ಕಾಗಿ ಕಾದಾಟ ನಡೆಯಲ್ಲ ಅಂತ ಬರೆದರು. ನಮ್ಮ ಕಡೆ ಮಾತ್ರ ಹಳೇ ಪಾಠವೇ ಇನ್ನೂ ಓಡುತ್ತಿದೆ. ಗುಂಡ್ಯಾ ಅದರಿಂದ ಕಲಿತದ್ದು ಒಂದೇ: ಬೈಕ್ ಬಂದರೆ ಕುತ್ತಿಗೆ ನೋಯುತ್ತದೆ. ಮೊದಲು ಬೈಕಿನ ಭಯ ಮಾತ್ರ ಇತ್ತು, ಆಮೇಲೆ ಕುತ್ತಿಗೆಯ ಕಡೆ ಬರುವ ಕೈಯ ಭಯವೂ ಸೇರಿತು.

ಮೊದಲು ಕಿವಿ

ನಾಯಿ ಇದ್ದಕ್ಕಿದ್ದಂತೆ ಹಲ್ಲು ಹಾಕಿದರೆ ಮೊದಲು ದನದ ಡಾಕ್ಟರ ಹತ್ತಿರ ಕರೆದೊಯ್ಯಬೇಕು, ಆಮೇಲೆ ತರಬೇತಿ. ಇದು ನನ್ನ ಹಟ. ಯಜಮಾನರಿಗೆ ಇದು ದುಡ್ಡು ದಂಡ ಅನ್ನಿಸಿತ್ತು. ಡಾಕ್ಟರು ಬಲಗಿವಿ ಎತ್ತಿ ನೋಡಿದರೆ ಒಳಗೆ ಕೀವು, ಕಪ್ಪು ಗುಗ್ಗೆ, ವಾಸನೆ. ಎಷ್ಟು ದಿನದಿಂದ ಇತ್ತೋ. ಗಣಪತಿ ಕಳಿಸುವ ರಾತ್ರಿ ಡಿಜೆ ಸದ್ದಿಗೆ ನಡುಗಿ ಮಂಚದ ಕೆಳಗೆ ಹೊಕ್ಕಿದ್ದವನನ್ನು ಅಜ್ಜ ಬೆಲ್ಟ್ ಹಿಡಿದು ಹೊರಗೆ ಎಳೆದಿದ್ದರು. ಕೈ ತಾಗಿದ್ದು ಸರಿಯಾಗಿ ಆ ಕಿವಿಯ ಬುಡಕ್ಕೆ. ಭಯ, ಮೂಲೆ, ಮೇಲೊಂದು ನೋವು. ನಾನಾಗಿದ್ದರೂ ಕಚ್ಚುತ್ತಿದ್ದೆ.

ಹನ್ನೆರಡು ದಿನ ಕಿವಿಗೆ ಔಷಧಿ ಹಾಕಿದರು. ಅದೊಂದರಿಂದಲೇ ಮನೆಯೊಳಗಿನ ಗುರ್ರೆನ್ನುವುದು ಅರ್ಧಕ್ಕೆ ಇಳಿಯಿತು. ಇಲ್ಲಿಯವರೆಗೆ ನಾನು ಏನನ್ನೂ ಕಲಿಸಿರಲಿಲ್ಲ.

ನೋಟ್‌ಬುಕ್ಕು, ನೆಟ್ಟು, ಪಡ್ಡಿನ ಹಂಚು

ಮನೆಯ ಮಗಳು ಪಿಯುಸಿ ಓದುತ್ತಿದ್ದಳು. ಅವಳಿಗೆ ಒಂದು ಕೆಲಸ ಕೊಟ್ಟೆ: ಒಂದು ವಾರ, ಗುಂಡ್ಯಾ ಹಾರಿ ಬೊಗಳಿದಾಗೆಲ್ಲ ಟೈಮು, ಯಾಕೆ, ಎಷ್ಟು ದೂರ ಅಂತ ಬರೆಯಬೇಕು. ಮೊದಲ ದಿನವೇ 63 ಸಲ. ಅದರಲ್ಲಿ 50ಕ್ಕೂ ಜಾಸ್ತಿ ಬೆಳಿಗ್ಗೆ ಹಾಲಿನ ಬೈಕು, ಶಾಲೆಯ ಆಟೋ, ಸಂಜೆ ವಾಪಸ್ ಬರುವ ಗಾಡಿಗಳಿಗೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಹೆಚ್ಚುಕಡಿಮೆ ಸೊನ್ನೆ. ಹಿತ್ತಲಲ್ಲಿ ಇದ್ದಾಗಲೂ ಸೊನ್ನೆ. ಇದನ್ನು ಓದಿದ ಮೇಲೆ ಯಾರಿಗಾದರೂ ಗೊತ್ತಾಗುತ್ತದೆ ಅಲ್ವಾ, ಮೊದಲ ಔಷಧಿ ಏನು ಅಂತ.

ಚೈನು ಗೇಟಿನಿಂದ ಬಿಚ್ಚಿಸಿದೆ. ಗುಂಡ್ಯಾ ಹಿತ್ತಲಿಗೆ ಹೋದ. ಅಲ್ಲಿ ಎರಡು ಗೋಡೆ, ಒಂದು ಬೇವಿನ ಗಿಡ, ಬಟ್ಟೆ ಒಗೆಯುವ ಕಲ್ಲು. ಗೇಟಿಗೆ ಹಸಿರು ನೆಟ್ ಹೊಡೆದೆವು, ಅಂಗಡಿ ಮುಂದೆ ಬಿಸಿಲಿಗೆ ಕಟ್ಟುತ್ತಾರಲ್ಲ, ಅದೇ. ಬಿಗಿಯುವ ಚೈನು ಗುಜರಿಗೆ. ಮುಧೋಳ ನಾಯಿಗೆ ಕುತ್ತಿಗೆ ದಪ್ಪ, ತಲೆ ಸಣ್ಣ, ಸಾದಾ ಬೆಲ್ಟ್ ಹಾಕಿದರೆ ಹಿಂದಕ್ಕೆ ಜಗ್ಗಿ ತಲೆ ನುಣುಚಿಕೊಂಡು ಓಡಿಬಿಡುತ್ತವೆ. ಗಣಪತಿ ಹಬ್ಬದಲ್ಲಿ ಒಂದು ಸಲ ಹಾಗೇ ಓಡಿ ಮರುದಿನ ಬೆಳಿಗ್ಗೆ ಸಿಕ್ಕಿದ್ದನಂತೆ. ಅದಕ್ಕೆ ಎದೆಗೆ ಸುತ್ತಿ ಹಾಕುವ ಹಾರ್ನೆಸ್ ತರಿಸಿದೆವು, ಜೊತೆಗೆ ಹತ್ತಡಿ ಹಗ್ಗ.

ನೆಟ್ ಹೊಡೆದ ವಾರದ ಕೊನೆಗೆ ಎಣಿಕೆ ದಿನಕ್ಕೆ 20ರ ಆಸುಪಾಸು. ಯಜಮಾನರು ಇಷ್ಟಕ್ಕೇ ಖುಷಿ. "ಆತಲ್ರಿ, ಇನ್ನೇನ್ ಬೇಕು?" ಅಂದರು. ಆದರೆ ರಸ್ತೆ ನೋಡುವುದೇ ಅವನ ದಿನವಿಡೀ ಕೆಲಸವಾಗಿತ್ತು, ಅದನ್ನು ಕಿತ್ತುಕೊಂಡೆವು. ಬದಲಿಗೆ ಏನು ಕೊಟ್ಟೆವು? ಏನೂ ಇಲ್ಲ. ಖಾಲಿ ಬಿಟ್ಟರೆ ಅವನೇ ಹೊಸ ಕೆಲಸ ಹುಡುಕಿಕೊಳ್ಳುತ್ತಾನೆ, ಹುಡುಕಿಕೊಂಡಿದ್ದ ಕೂಡ. ಒಗೆದು ಹಾಕಿದ ಎರಡು ಸೀರೆ ಹರಿದಿದ್ದ.

ಊಟ ಹೇಗೆ ಕೊಡುತ್ತಿದ್ದರು ಕೇಳಿದೆ. ಬೆಳಿಗ್ಗೆ ಹಾಲು ರೊಟ್ಟಿ, ರಾತ್ರಿ ಉಳಿದ ಅನ್ನ. ನಡುವೆ ಅಜ್ಜ ತಮ್ಮ ತಾಟಿನಿಂದ ಝುಣಕ ರೊಟ್ಟಿ. ಝುಣಕ ಅಂದ ತಕ್ಷಣ ನಾನು ಕೈ ಮುಗಿದೆ. ಅದರೊಳಗಿನ ಉಳ್ಳಾಗಡ್ಡಿ (ಈರುಳ್ಳಿ), ಬಳ್ಳೊಳ್ಳಿ (ಬೆಳ್ಳುಳ್ಳಿ) ಎರಡೂ ನಾಯಿಯ ರಕ್ತಕ್ಕೆ ಕೆಟ್ಟದ್ದು, ಬೇಯಿಸಿದರೂ ಕೆಟ್ಟದ್ದೇ. ದ್ರಾಕ್ಷಿ, ಒಣದ್ರಾಕ್ಷಿ ಕೂಡ ಬೇಡ, ಕಿಡ್ನಿ ಹಾಳಾಗಬಹುದು. ಮನೆಯಲ್ಲಿ ಮೊಟ್ಟೆ ಕೂಡ ಬರುವುದಿಲ್ಲ, ಹಾಗಾಗಿ ತರಬೇತಿಗೆ ಕೋಳಿ ತುಂಡು ಅನ್ನುವ ನನ್ನ ಮಾಮೂಲಿ ಉಪಾಯ ಬಾಗಿಲಲ್ಲೇ ಬಿದ್ದುಹೋಯಿತು. ನಾಯಿಗೆ ಪ್ರೋಟೀನು ಬೇಕು ಅಂತ ಅವ್ವಾರ ಹತ್ತಿರ ಎರಡು ದಿನ ಚರ್ಚೆ ನಡೆದು, ಕೊನೆಗೆ ಪ್ಯಾಕೆಟ್ ಊಟ ಒಪ್ಪಿಗೆ ಆಯಿತು, ಮೊಟ್ಟೆ ಆಗಲಿಲ್ಲ. ತಿನಿಸಿಗೆ ಪನೀರ್, ಉಪ್ಪಿಲ್ಲದೆ ಹುರಿದ ಶೇಂಗಾ, ಗಜ್ಜರಿ. ಶೇಂಗಾಕ್ಕೆ ಅವನು ಬಾಯಿ ತೆರೆದ, ಪನೀರ್‌ಗೆ ಪ್ರಾಣ ಬಿಟ್ಟ.

ಊಟ ತಾಟಿನಲ್ಲಿ ಹಾಕುವುದು ಬಂದ್. ದಿನದ ಊಟದ ಅರ್ಧ ಭಾಗವನ್ನು ಮೂಗಿನಿಂದ ಹುಡುಕಿ ತಿನ್ನಬೇಕು. ಅವ್ವಾರು ಹಳೇ ಪಡ್ಡಿನ ಹಂಚು ಕೊಟ್ಟರು. ಒಂದೊಂದು ಗುಳಿಯಲ್ಲಿ ನಾಲ್ಕು ಕಾಳು ಊಟ, ಮೇಲೆ ಹಳೇ ಟೆನಿಸ್ ಚೆಂಡು ಮುಚ್ಚಿ. ಗುಂಡ್ಯಾ ಮೊದಲ ದಿನ ಹಂಚನ್ನು ಸುತ್ತಿ ಸುತ್ತಿ ದೂರ ನಿಂತ, ಕಬ್ಬಿಣ ಸದ್ದು ಮಾಡಿದ್ದಕ್ಕೆ ಹಾರಿ ಹಿಂದೆ ಹೋದ. ಕೆಳಗೆ ಗೋಣಿಚೀಲ ಹಾಕಿದೆವು, ಚೆಂಡು ತೆಗೆದೆವು. ಮೂರನೇ ದಿನ ತಿಂದ. ಹತ್ತನೇ ದಿನ ಚೆಂಡುಗಳನ್ನು ಹಿತ್ತಲ ತುಂಬ ಹಾರಿಸುತ್ತಿದ್ದ. ಮಗಳು ಸುಮ್ನೆ ಒಂದು ಹಳೇ ಚಾದರದ ಮಡಿಕೆಯೊಳಗೆ ತಿನಿಸು ಹಾಕಿ ಸುತ್ತಿ ಕೊಡುವ ಆಟ ತಾನೇ ಕಂಡುಹಿಡಿದಳು. ಇಪ್ಪತ್ತು ನಿಮಿಷ ಹುಡುಕಿ ತಿಂದ ಮೇಲೆ ಅವನು ಮಲಗುತ್ತಿದ್ದ ರೀತಿ ನೋಡಬೇಕಿತ್ತು, ಮೂರು ಕಿಲೋಮೀಟರ್ ನಡೆಸಿದರೂ ಆ ನಿದ್ದೆ ಬರುತ್ತಿರಲಿಲ್ಲ.

ಇನ್ನು ಓಟ. ಬೆನ್ನಟ್ಟುವ ನಾಯಿಗೆ ಬೆನ್ನಟ್ಟಲು ಏನಾದರೂ ಕೊಡಲೇಬೇಕು. ಬಿದಿರು ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಟವೆಲು. "ಹಿಡಿ" ಅಂದರೆ ಓಟ, "ಬಿಡು" ಅಂದರೆ ನಿಲ್ಲು, ನಿಂತರೆ ಮತ್ತೆ ಓಟ. ಇದರಲ್ಲಿ ಬಿಡುವುದೇ ಬಹುಮಾನಕ್ಕೆ ದಾರಿ. ವಾರಕ್ಕೊಮ್ಮೆ ಕುಂದಗೋಳ ಕಡೆ ಸಂಬಂಧಿಕರ ಹೊಲ, ಸುತ್ತ ತಂತಿ ಬೇಲಿ ಇದ್ದದ್ದು. ಅಲ್ಲಿ ಹಗ್ಗ ಬಿಚ್ಚಿಯೇ ಓಡಿಸುತ್ತಿದ್ದೆವು. ಉದ್ದ ಹಗ್ಗ ಕಟ್ಟಿ ಇವನ್ನು ಓಡಿಸಬೇಡಿ, ಕ್ಷಣದಲ್ಲಿ ಪೂರ್ತಿ ವೇಗ ಹಿಡಿಯುತ್ತವೆ, ಹಗ್ಗ ಮುಗಿದಾಗ ಬೀಳುವ ಜಗ್ಗು ಮೂಳೆ ಮುರಿಯುವಂಥದ್ದು.

ಅಜ್ಜನ ಭೇಷ್

ಸರಿ ಮಾಡಿದ ಕ್ಷಣವನ್ನು ನಾಯಿಗೆ ತೋರಿಸಲು ಒಂದು ಸಣ್ಣ ಸದ್ದು ಬೇಕು. ಕೆಲವರು ಕ್ಲಿಕ್ಕರ್ ಅನ್ನುವ ಡಬ್ಬಿ ಬಳಸುತ್ತಾರೆ, ನನಗೆ ಬಾಯಿಮಾತೇ ಸಾಕು. ಮಗಳು "ಭೇಷ್" ಅಂತ ಇಟ್ಟಳು. ಭೇಷ್ ಅಂದರೆ ಸಾಕು, ಹಿಂದೆಯೇ ಪನೀರ್ ಬರುತ್ತದೆ. ಕಷ್ಟ ಇರುವುದು ಟೈಮಿಂಗಿನಲ್ಲಿ. ಯಜಮಾನರು ಯಾವಾಗಲೂ ಎರಡು ಸೆಕೆಂಡು ತಡ. ನಾಯಿ ಕೂತು, ಎದ್ದು, ಬೇರೆ ಕಡೆ ನೋಡಿದ ಮೇಲೆ ಭೇಷ್ ಅನ್ನುವರು. ಹಾಗಾದರೆ ನಾಯಿ ಕಲಿಯುವುದು ಏಳುವುದನ್ನು. ಮಗಳು ಮುಂಚೆಯೇ ಅಂದುಬಿಡುವಳು.

ಅಜ್ಜ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು, ಕೈಗೆ ಇನ್ನೂ ಬ್ಯಾಂಡೇಜು. ಗಂಗೂಬಾಯಿ ಹಾನಗಲ್ ಅವರ ಹಾಡು ಕೇಳಿ ಬೆಳೆದ ಮನುಷ್ಯ. ಗಂಗೂಬಾಯಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಹೇಳಿಸಿಕೊಂಡ ಕಥೆಯನ್ನು ನನಗೆ ಹೊಲಕ್ಕೆ ಹೋಗುವ ದಾರಿಯಲ್ಲಿ ಕನಿಷ್ಠ ಮೂರು ಸಲ ಹೇಳಿದ್ದಾರೆ. ಮಗನ ತಡವರಿಕೆ ನೋಡಲಾಗದೆ ಒಂದು ದಿನ ಅಂದರು, "ಲೇ ತಮ್ಮಾ, ಸಮ್ ಬಿದ್ದಾಗ ಭೇಷ್ ಅನ್ನಬೇಕೋ. ಕಚೇರಿ ಮುಗದ ಮ್ಯಾಲ ಚಪ್ಪಾಳಿ ಹೊಡದಂಗ ಮಾಡ್ತೀಯಲ್ಲ."

ಸಮ್ ಅಂದರೆ ತಾಳದ ಸುತ್ತು ಶುರುವಾಗುವ ಮೊದಲ ಪೆಟ್ಟು. ಟೈಮಿಂಗನ್ನು ಇಷ್ಟು ಚೆನ್ನಾಗಿ ನಾನು ಯಾರಿಗೂ ಯಾವತ್ತೂ ಹೇಳಿಲ್ಲ. ಆವತ್ತಿನಿಂದ ಭೇಷ್ ಅನ್ನುವ ಕೆಲಸ ಅಜ್ಜನದು, ಪನೀರ್ ಹಾಕುವುದು ಮಗಳದು. ನಾಯಿಯ ಹಿಂಬದಿ ನೆಲಕ್ಕೆ ತಾಗುವ ಹೊತ್ತಿಗೆ ಸರಿಯಾಗಿ ಭೇಷ್ ಬೀಳುತ್ತಿತ್ತು. ಕಚ್ಚಿಸಿಕೊಂಡವರೇ ಅವನ ಒಳ್ಳೆಯ ಗುರು ಆದರು.

ಅಜ್ಜನ ಕೈಯ ಭಯ ಬಿಡಿಸಲು ಬೇರೆ ಆಟ. ಅಜ್ಜ ಕೈಯನ್ನು ಕುತ್ತಿಗೆಯಿಂದ ಎರಡಡಿ ದೂರಕ್ಕೆ ತರುವುದು, ಭೇಷ್, ಪನೀರ್, ಕೈ ವಾಪಸ್. ಅವನು ಮುಖ ತಿರುಗಿಸಿದರೆ ಆಟ ಬಂದ್, ಒತ್ತಾಯ ಇಲ್ಲ. ಒಂದು ತಿಂಗಳಿಗೆ ಗುಂಡ್ಯಾ ತಾನಾಗಿ ಬಂದು ಕುತ್ತಿಗೆಯನ್ನು ಅಂಗೈಗೆ ಒರಗಿಸತೊಡಗಿದ. ಅಜ್ಜ ಅದರ ಬಗ್ಗೆ ಏನೂ ಹೇಳಲಿಲ್ಲ, ಆವತ್ತು ಚಹಾ ಮಾತ್ರ ಎರಡು ಸಲ ಕುಡಿಸಿದರು.

ಬೈಕು, ಮತ್ತು ನನ್ನ ಅವಸರ

ಕಾರವಾರ ರಸ್ತೆ ಕಡೆ ಒಂದು ಖಾಲಿ ಲೇಔಟ್ ಸಿಕ್ಕಿತು. ರಸ್ತೆ ಕಾಣುತ್ತದೆ, ಬೈಕು ಬಿಡಿಬಿಡಿಯಾಗಿ ಬರುತ್ತವೆ. ನಲವತ್ತು ಹೆಜ್ಜೆ ದೂರದಲ್ಲಿ ಅವನು ಬೈಕ್ ನೋಡುತ್ತಿದ್ದ, ಹಾರುತ್ತಿರಲಿಲ್ಲ, ತಿನ್ನುತ್ತಿದ್ದ. ಅಲ್ಲಿಂದ ಶುರು. ಬೈಕ್ ಕಂಡಿತು, ಪನೀರ್ ಬಂತು. ಬೈಕ್ ಹೋಯಿತು, ಪನೀರ್ ಬಂದ್. ಈ ಕ್ರಮ ತಪ್ಪಬಾರದು. ಮೊದಲು ಪನೀರ್ ತೋರಿಸಿ ಆಮೇಲೆ ಬೈಕ್ ಬಂದರೆ, ಪನೀರ್ ಕಂಡರೇ ಹೆದರುವ ನಾಯಿ ಆಗುತ್ತದೆ, ನಾನು ಅಂಥವನ್ನು ನೋಡಿದ್ದೇನೆ. ಮೂರು ವಾರದಲ್ಲಿ ಬೈಕ್ ಸದ್ದು ಬಂದ ತಕ್ಷಣ ತಿರುಗಿ ಮಗಳ ಮುಖ ನೋಡತೊಡಗಿದ, ಎಲ್ಲಿ ನನ್ನ ಪನೀರ್ ಅನ್ನುವ ಹಾಗೆ. ಇದು ಬಂದರೆ ಅರ್ಧ ಗೆದ್ದಂತೆ.

ಇಲ್ಲಿ ನಾನು ಎಡವಿದೆ. ಎಲ್ಲ ಚೆನ್ನಾಗಿ ಹೋಗುತ್ತಿದೆ ಅಂತ ನಲವತ್ತು ಹೆಜ್ಜೆಯಿಂದ ಒಂದೇ ವಾರದಲ್ಲಿ ಹತ್ತಕ್ಕೆ ಇಳಿಸಿದೆ. ಸೈಲೆನ್ಸರ್ ಒಡೆದ ಒಂದು ಬೈಕು ಬಂತು. ಗುಂಡ್ಯಾ ಹಾರಿದ, ಮಗಳು ಬಿದ್ದಳು, ಮೊಳಕೈ ಕೆತ್ತಿತು. ತಪ್ಪು ಅವನದಲ್ಲ, ಅವಳದೂ ಅಲ್ಲ. ಮತ್ತೆ ನಲವತ್ತಕ್ಕೆ ಹೋಗಿ, ಈ ಸಲ ವಾರಕ್ಕೆ ನಾಲ್ಕೈದು ಹೆಜ್ಜೆಯಂತೆ ಇಳಿದೆವು.

ಡಿಸೆಂಬರಿನಲ್ಲಿ ಇನ್ನೊಂದು. ಮನೆಯವರೆಲ್ಲ ಗದಗಿಗೆ ಲಗ್ನಕ್ಕೆ ಹೋದರು, ನಾಯಿಯನ್ನು ಅಂಗಡಿಯ ಹುಡುಗನಿಗೆ ಒಪ್ಪಿಸಿದರು. ಅವನು ಒಳ್ಳೆಯ ಮನಸ್ಸಿನಿಂದಲೇ, ಪಾಪ ಒಬ್ಬನೇ ಹಿತ್ತಲಲ್ಲಿ ಬೇಜಾರು ಅಂತ ಮೂರು ದಿನ ಗೇಟಿಗೆ ಕಟ್ಟಿದ. ನೆಟ್ ಕೂಡ ಸರಿಸಿದ್ದ. ವಾಪಸ್ ಬಂದ ದಿನ ಎಣಿಕೆ 38. ಹನ್ನೊಂದು ದಿನ ಹಿಡಿಯಿತು ಹಳೇ ಜಾಗಕ್ಕೆ ಬರಲು. ಹುಡುಗನಿಗೂ ಆಮೇಲೆ ಭೇಷ್ ಆಟ ಕಲಿಸಿದೆವು, ಅದನ್ನು ಮೊದಲೇ ಮಾಡಬೇಕಿತ್ತು.

ಜಗ್ಗಲಿಗೆ

ಹುಬ್ಬಳ್ಳಿಯ ಹೋಳಿ ಗೊತ್ತಿದ್ದವರಿಗೆ ಹೇಳಬೇಕಿಲ್ಲ. ರಂಗಪಂಚಮಿವರೆಗೆ ಐದು ದಿನ ಹಲಗಿ, ಜಗ್ಗಲಿಗೆ, ಎರಡೂ ಬಡಿಯುವ ಚರ್ಮವಾದ್ಯ. ಚಕ್ಕಡಿ ಗಾಲಿಯಷ್ಟು ದೊಡ್ಡ ಜಗ್ಗಲಿಗೆಯನ್ನು ಉರುಳಿಸಿಕೊಂಡು ಬಡಿಯುತ್ತ ಬರುತ್ತಾರೆ. ನಾವು ಜನವರಿಯಿಂದಲೇ ತಯಾರಿ ಶುರು ಮಾಡಿದೆವು. ಮೊಬೈಲಿನಲ್ಲಿ ಹಲಗಿ ರೆಕಾರ್ಡಿಂಗ್, ಕಿವಿಗೆ ಬಿದ್ದೂ ಬೀಳದಷ್ಟು ಸಣ್ಣ ಸದ್ದು, ಎದುರಿಗೆ ಪಡ್ಡಿನ ಹಂಚು. ಎರಡು ಮೂರು ದಿನಕ್ಕೊಮ್ಮೆ ಒಂದು ಗೀಟು ಹೆಚ್ಚು. ಅವನು ತಿನ್ನುವುದು ನಿಲ್ಲಿಸಿ ತಲೆ ಎತ್ತಿದರೆ ಎರಡು ಗೀಟು ಕಡಿಮೆ. ಐದು ವಾರದಲ್ಲಿ ಫುಲ್ ವಾಲ್ಯೂಮ್ ಹಲಗಿಗೂ ಚೆಂಡು ಹಾರಿಸುತ್ತಿದ್ದ.

ಆದರೆ ನಿಜವಾದ ಜಗ್ಗಲಿಗೆ ಓಣಿಯ ಕೊನೆಯಲ್ಲಿ ತಾಲೀಮು ಶುರುವಾದ ಸಂಜೆ ಎಲ್ಲ ಮಣ್ಣಾಯಿತು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಆ ದಪ್ಪ ಧಮ್ ಧಮ್ ಬರುವುದೇ ಇಲ್ಲ. ನಿಜವಾದದ್ದು ಕಿವಿಗಿಂತ ಮೊದಲು ನೆಲದಿಂದ ಪಾದಕ್ಕೆ ಬರುತ್ತದೆ. ನಾನು ಇದನ್ನು ಯೋಚಿಸಿರಲಿಲ್ಲ. ಉಳಿದ ಮೂರು ವಾರ ತಾಲೀಮು ನಡೆಯುವ ಜಾಗದಿಂದ ಎರಡು ಓಣಿ ಆಚೆ ನಿಂತು, ದಿನಾ ಐದೈದು ನಿಮಿಷ, ಅಲ್ಲೇ ಪನೀರ್. ಅಷ್ಟರಲ್ಲಿ ಸಾಧಿಸಿದ್ದು ಕಡಿಮೆಯೇ.

ಹಾಗಾಗಿ ಹಬ್ಬದ ದಿನಕ್ಕೆ ಬೇರೆ ಏರ್ಪಾಡು. ಡಾಕ್ಟರು ಆ ದಿನಗಳಿಗೆ ಮಾತ್ರ ಭಯ ತಗ್ಗಿಸುವ ಗುಳಿಗೆ ಕೊಟ್ಟರು, ಒಂದು ವಾರ ಮುಂಚೆ ಸದ್ದಿಲ್ಲದ ದಿನ ಕೊಟ್ಟು ನೋಡಿದ್ದೆವು. ನಡುಮನೆಯ ಒಳಕೋಣೆ, ಕಿಟಕಿಗೆ ಕೌದಿ, ನೆಲಕ್ಕೆ ಗಾದಿ, ಫ್ಯಾನು, ರೇಡಿಯೋ. ಸ್ಟೀಲ್ ತಾಟಿಗೆ ಮೊಸರು, ಅರೆದ ಶೇಂಗಾ ಸವರಿ ಗಟ್ಟಿ ಮಾಡಿಟ್ಟದ್ದು, ನೆಕ್ಕುತ್ತ ಕೂರಲಿ ಅಂತ. ಜೊತೆಗೆ ಅಜ್ಜ. ಹೆದರಿದ ನಾಯಿಯನ್ನು ಸವರಿದರೆ ಭಯ ಜಾಸ್ತಿ ಆಗುತ್ತದೆ ಅನ್ನುವ ಮಾತಿದೆಯಲ್ಲ, ಅದು ಸುಳ್ಳು. ಬಂದು ಒರಗಿದರೆ ಒರಗಿಸಿಕೊಳ್ಳಿ.

ಮೆರವಣಿಗೆ ಮನೆ ಮುಂದೆ ಹಾದುಹೋಗಲು ಇಪ್ಪತ್ತೈದು ನಿಮಿಷ. ಗುಂಡ್ಯಾ ನಡುಗಿದ. ಜೊಲ್ಲು ಸುರಿಸಿದ. ಮಂಚದ ಕೆಳಗೆ ಹೋದ, ಈ ಸಲ ಯಾರೂ ಎಳೆಯಲಿಲ್ಲ. ಸದ್ದು ಹಿಂದಿನ ಓಣಿಗೆ ತಿರುಗಿದ ಮೇಲೆ ಹೊರಗೆ ಬಂದು ತಾಟು ನೆಕ್ಕಿದ. ಗಣಪತಿ ಹಬ್ಬದಲ್ಲಿ ಎರಡು ದಿನ ಊಟ ಮುಟ್ಟಿರಲಿಲ್ಲ.

ರಂಗಪಂಚಮಿ ಆದ ಮೇಲೆ ಕೊನೆಯ ಸಲ ಹೋದೆ. ಗೇಟಿನ ನೆಟ್ಟು ಹಾಗೇ ಇದೆ, ತೆಗೆಯಬೇಡಿ ಅಂದಿದ್ದೇನೆ. ಮಗಳು ನೋಟ್‌ಬುಕ್ಕು ತೋರಿಸಿದಳು. ಆವತ್ತಿನ ಲೆಕ್ಕ: ನಾಲ್ಕು. ಒಂದು ಗ್ಯಾಸ್ ಸಿಲಿಂಡರಿನ ಗಾಡಿಗೆ, ಮೂರು ಎದುರುಮನೆ ಬೆಕ್ಕಿಗೆ. ಗ್ಯಾಸ್ ಗಾಡಿಗೆ ಏನು ಮಾಡಬೇಕು ಅಂತ ಹೇಳಿ ಬಂದೆ. ಬೆಕ್ಕಿನ ವಿಷಯಕ್ಕೆ ಕೈ ಹಾಕಿಲ್ಲ.